ಒಂದು ಅಗುಳು, ಇಡೀ ದೇಶ: ಫ್ಲೂ ಔಷಧ ಕೆಲಸ ಮಾಡುತ್ತಾ ಅಂತ ಗೊತ್ತಾಗೋದು ಹೇಗೆ?



ಡಿಸೆಂಬರ್ ತಿಂಗಳು ಅಂದುಕೊಳ್ಳಿ. ಮಗುವಿಗೆ ರಾತ್ರಿಯಿಂದ ಜ್ವರ, ಕೆಮ್ಮು, ಮೈಕೈ ನೋವು. ಬೆಳಗ್ಗೆ ಅರ್ಜೆಂಟ್ ಕೇರ್‌ಗೆ ಕರೆದುಕೊಂಡು ಹೋಗುತ್ತೇವೆ. ಮೂಗಿಗೆ ಕಡ್ಡಿ ಹಾಕಿ ಟೆಸ್ಟ್ ಮಾಡುತ್ತಾರೆ. "ಫ್ಲೂ ಎ ಪಾಸಿಟಿವ್" ಅಂತ ಹೇಳಿ ಟ್ಯಾಮಿಫ್ಲೂ ಬರೆದುಕೊಡುತ್ತಾರೆ. ಫಾರ್ಮಸಿಯಲ್ಲಿ ತೆಗೆದುಕೊಂಡು ಮನೆಗೆ ಬರುತ್ತೇವೆ.

ಇಲ್ಲಿ ಒಂದು ಪ್ರಶ್ನೆ ಇದೆ. ನಮ್ಮಲ್ಲಿ ಬಹಳ ಜನ ಇದನ್ನು ಕೇಳೋದೇ ಇಲ್ಲ. ಈ ಮಗುವಿನ ಮೂಗಿನಲ್ಲಿರುವ ವೈರಸ್ ಮೇಲೆ ಈ ಔಷಧ ಕೆಲಸ ಮಾಡುತ್ತೆ ಅಂತ ಡಾಕ್ಟರಿಗೆ ಹೇಗೆ ಗೊತ್ತು? ಆ ಕಡ್ಡಿಯ ಟೆಸ್ಟ್ ಅದನ್ನು ಹೇಳೋದಿಲ್ಲ. ಫ್ಲೂ ಇದೆಯೋ ಇಲ್ಲವೋ, ಇದ್ದರೆ ಎ ನೋ ಬಿ ನೋ, ಅಷ್ಟೇ ಅದು ಹೇಳೋದು. ಔಷಧಕ್ಕೆ ಬಗ್ಗದ ವೈರಸ್ಸೋ ಅಂತ ಪರೀಕ್ಷಿಸಲು ಕೆಲವು ದಿನ, ಕೆಲವೊಮ್ಮೆ ವಾರಗಳೇ ಬೇಕು. ಅಷ್ಟರಲ್ಲಿ ಜ್ವರ ಮುಗಿದೇ ಹೋಗಿರುತ್ತೆ. ಹಾಗಾಗಿ ಡಾಕ್ಟರ್ ನಿಜವಾಗಿ ನಂಬಿರುವುದು ನಿಮ್ಮ ಮಗುವಿನ ಟೆಸ್ಟನ್ನಲ್ಲ. ಬೇರೆ ಯಾರದ್ದೋ ಮೂಗಿನಿಂದ ತೆಗೆದು, ದೇಶದ ಬೇರೆ ಬೇರೆ ಕಡೆಯಿಂದ ಕಳಿಸಿ, ಲ್ಯಾಬಿನಲ್ಲಿ ಪರೀಕ್ಷಿಸಿದ ಸ್ಯಾಂಪಲ್‌ಗಳನ್ನು.

ಒಂದು ವರ್ಷ ಈ ನಂಬಿಕೆ ಬುಡಮೇಲಾಯಿತು. 2008ರ ಡಿಸೆಂಬರ್‌ನಲ್ಲಿ, ಇದೇ ಅಮೆರಿಕದಲ್ಲಿ. ಇವತ್ತು ಆ ಕಥೆಯ ಮೂಲಕ ಎರಡು ವಿಷಯ ಕಲಿಯೋಣ. ಒಂದು, ಇಷ್ಟು ದೊಡ್ಡ ದೇಶದಲ್ಲಿ ಫ್ಲೂ ಎಲ್ಲಿ ಎಷ್ಟಿದೆ ಅಂತ ಲೆಕ್ಕ ಇಡೋದು ಹೇಗೆ. ಎರಡು, ಔಷಧಕ್ಕೆ ಬಗ್ಗದ ವೈರಸ್ ಬಂದಿದೆಯಾ ಅಂತ ಹುಡುಕೋದು ಹೇಗೆ.

ಮೊದಲ ಭಾಗ: ಎಷ್ಟಿದೆ ಫ್ಲೂ?

ಅಮೆರಿಕದಲ್ಲಿ ಫ್ಲೂ ಬಂದ ಪ್ರತಿಯೊಬ್ಬರನ್ನೂ ಯಾರೂ ಎಣಿಸುವುದಿಲ್ಲ. ಎಣಿಸಲು ಸಾಧ್ಯವೂ ಇಲ್ಲ. ಬಹಳ ಜನ ಮನೆಯಲ್ಲೇ ಮಲಗಿ, ಬಿಸಿ ಬಿಸಿ ಸಾರು ಕುಡಿದು ಸುಧಾರಿಸಿಕೊಳ್ಳುತ್ತಾರೆ. ಹಾಗಾಗಿ ಅಟ್ಲಾಂಟಾದಲ್ಲಿರುವ ಸಿಡಿಸಿ, ಅಂದರೆ ಅಮೆರಿಕದ ರೋಗ ನಿಯಂತ್ರಣ ಕೇಂದ್ರ, ಹಲವು ಕಿಟಕಿಗಳಿಂದ ಒಂದೇ ರೋಗವನ್ನು ನೋಡುತ್ತದೆ.

ಮೊದಲ ಕಿಟಕಿ ಕ್ಲಿನಿಕ್‌ಗಳು. ದೇಶದ ಸಾವಿರಾರು ಕ್ಲಿನಿಕ್‌ಗಳು ಮತ್ತು ತುರ್ತು ಚಿಕಿತ್ಸಾ ವಿಭಾಗಗಳು ವಾರಕ್ಕೊಮ್ಮೆ ಎರಡು ಸಂಖ್ಯೆ ಕೊಡುತ್ತವೆ: ಒಟ್ಟು ಎಷ್ಟು ಜನ ಬಂದರು, ಅವರಲ್ಲಿ ಎಷ್ಟು ಜನರಿಗೆ ಫ್ಲೂ ಥರದ ಲಕ್ಷಣ ಇತ್ತು. ಫ್ಲೂ ಥರದ ಲಕ್ಷಣ ಅಂದರೆ 100 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಹೆಚ್ಚು ಜ್ವರ, ಜೊತೆಗೆ ಕೆಮ್ಮು ಅಥವಾ ಗಂಟಲು ನೋವು. ಇಲ್ಲಿ ಲ್ಯಾಬ್ ಟೆಸ್ಟ್ ಬೇಕಿಲ್ಲ. ಅದಕ್ಕೇ ಇದು ಬೇಗ ಸಿಗುವ ಸಂಖ್ಯೆ. ಅದಕ್ಕೇ ಇದರಲ್ಲಿ ಕೋವಿಡ್, ಆರ್‌ಎಸ್‌ವಿ ಎಲ್ಲ ಬೆರೆತಿರುತ್ತೆ ಕೂಡ.

ಈ ಶೇಕಡಾವಾರನ್ನು ಒಂದು ಗೆರೆಗೆ ಹೋಲಿಸಿ ನೋಡುತ್ತಾರೆ. ಫ್ಲೂ ಇಲ್ಲದ ವಾರಗಳ ಸರಾಸರಿಗೆ, ವಾರದಿಂದ ವಾರಕ್ಕೆ ಸಹಜವಾಗಿ ಆಗುವ ಏರಿಳಿತದ ಅಂದಾಜನ್ನು ಕೂಡಿಸಿ ಆ ಗೆರೆ ಹಾಕುತ್ತಾರೆ. ಇತ್ತೀಚಿನ ವರ್ಷಗಳಲ್ಲಿ ದೇಶದ ಗೆರೆ ಶೇ. 3ರ ಆಸುಪಾಸಿನಲ್ಲಿದೆ. ಅದನ್ನು ದಾಟಿದರೆ ಸೀಸನ್ ಶುರುವಾಗಿದೆ ಅಂತ ಅರ್ಥ. ಬಹಳ ಕೆಟ್ಟದಾಗಿದ್ದ 2017-18ರ ಸೀಸನ್‌ನಲ್ಲಿ ಇದು ಶೇ. 7.5ರವರೆಗೆ ಏರಿತ್ತು.

ಈಗ ಒಂದು ಚಿಕ್ಕ ಲೆಕ್ಕ ಮಾಡೋಣ. ಒಂದು ಕ್ಲಿನಿಕ್‌ಗೆ ಸಾಮಾನ್ಯ ವಾರದಲ್ಲಿ 1000 ಜನ ಬರುತ್ತಾರೆ, ಅವರಲ್ಲಿ 30 ಜನರಿಗೆ ಫ್ಲೂ ಲಕ್ಷಣ. ಶೇ. 3 ಆಯಿತು. ಈಗ ಕ್ರಿಸ್‌ಮಸ್ ವಾರ ಬಂತು. ಬಿಪಿ ಚೆಕಪ್, ವಾರ್ಷಿಕ ತಪಾಸಣೆ ಅಂತ ಬರುವವರು ಯಾರೂ ಬರಲಿಲ್ಲ. ಒಟ್ಟು 600 ಜನ ಬಂದರು. ಫ್ಲೂ ಲಕ್ಷಣದವರು ಅದೇ 30. ಶೇಕಡಾವಾರು ಎಷ್ಟಾಯಿತು? ಶೇ. 5. ಒಬ್ಬರೇ ಒಬ್ಬರಿಗೆ ಹೆಚ್ಚು ಕಾಯಿಲೆ ಬಂದಿಲ್ಲ, ಆದರೆ ಗ್ರಾಫ್ ಮಾತ್ರ ಮೇಲೆ ಹಾರಿತು. ರಜೆಯ ವಾರಗಳಲ್ಲಿ ಪ್ರತಿ ವರ್ಷ ಇಂಥದ್ದು ಆಗುತ್ತೆ. ಹಾಗಾಗಿ ಶೇಕಡಾವಾರು ಕಂಡ ಕೂಡಲೇ ಭಾಗಲಬ್ಧ ನೋಡಿ ಗಾಬರಿಯಾಗಬಾರದು, ಕೆಳಗಿನ ಛೇದ ಬದಲಾಯಿತಾ ಅಂತ ಮೊದಲು ಕೇಳಬೇಕು.

ಇದಕ್ಕಾಗಿಯೇ ಬೇರೆ ಕಿಟಕಿಗಳೂ ಬೇಕು. ಆಸ್ಪತ್ರೆಗೆ ಸೇರಿದವರ ಲೆಕ್ಕ ಒಂದು. ಇದರಲ್ಲಿ ದೇಶದ ಜನಸಂಖ್ಯೆಯ ಸುಮಾರು ಶೇ. 9ರಷ್ಟು ಜನ ವಾಸಿಸುವ ಆಯ್ದ ಪ್ರದೇಶಗಳಲ್ಲಿ, ಲ್ಯಾಬಿನಲ್ಲಿ ಖಚಿತವಾದ ಫ್ಲೂ ರೋಗಿಗಳನ್ನು ಎಣಿಸುತ್ತಾರೆ. ಸಾವಿನ ಲೆಕ್ಕ ಇನ್ನೊಂದು. ಫ್ಲೂನಿಂದ ಮಗು ತೀರಿಕೊಂಡರೆ ಅದನ್ನು ರಾಷ್ಟ್ರ ಮಟ್ಟದಲ್ಲಿ ವರದಿ ಮಾಡುವ ಪದ್ಧತಿ 2004ರಿಂದ ಇದೆ. ಕೊನೆಯ ಕಿಟಕಿ ಲ್ಯಾಬ್‌ಗಳದ್ದು. ನಮ್ಮ ಎರಡನೇ ಭಾಗ ಅಲ್ಲಿಂದಲೇ ಶುರು.

ಎರಡನೇ ಭಾಗ: ಯಾವ ಫ್ಲೂ?

ಆಸ್ಪತ್ರೆಯ ಲ್ಯಾಬ್ "ಫ್ಲೂ ಎ" ಅಂದರೆ ಅದರ ಕೆಲಸ ಮುಗಿಯಿತು. ಆದರೆ ರಾಜ್ಯದ ಸಾರ್ವಜನಿಕ ಆರೋಗ್ಯ ಲ್ಯಾಬ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಅದು ಎಚ್1ಎನ್1 ಉಪವಿಧವೋ, ಎಚ್3ಎನ್2 ಉಪವಿಧವೋ ಅಂತ ನೋಡುತ್ತದೆ. ನಂತರ ಪ್ರತಿ ವಿಧದಿಂದ ಕೆಲವನ್ನು ಆರಿಸಿ ಸಿಡಿಸಿಗೆ ಅಥವಾ ಅದರ ಜೊತೆ ಕೆಲಸ ಮಾಡುವ ಲ್ಯಾಬ್‌ಗಳಿಗೆ ಕಳಿಸುತ್ತಾರೆ. ಅಲ್ಲಿ ವೈರಸ್ಸಿನ ಜೀನ್‌ಗಳನ್ನು ಅಕ್ಷರ ಅಕ್ಷರವಾಗಿ ಓದುತ್ತಾರೆ.

ಉಪವಿಧ ತಿಳಿದು ಏನು ಉಪಯೋಗ ಅಂತ ಕೇಳಬಹುದು. ಅದಕ್ಕೆ ಔಷಧಗಳ ಪರಿಚಯ ಮಾಡಿಕೊಳ್ಳಬೇಕು.

ಹಳೆಯ ಗುಂಪಿನಲ್ಲಿ ಅಮಾಂಟಡಿನ್ ಮತ್ತು ರಿಮಾಂಟಡಿನ್ ಅಂತ ಎರಡು ಔಷಧ. ಅಮಾಂಟಡಿನ್ 1966ರಲ್ಲೇ ಅಮೆರಿಕದಲ್ಲಿ ಬಳಕೆಗೆ ಬಂತು. ವೈರಸ್ಸಿನ ಹೊದಿಕೆಯಲ್ಲಿ ಎಂ2 ಅನ್ನೋ ಒಂದು ಸಣ್ಣ ಕೊಳವೆ ಇರುತ್ತೆ. ಜೀವಕೋಶದ ಒಳಗೆ ಹೋದ ವೈರಸ್ ತನ್ನ ಗಂಟು ಬಿಚ್ಚಬೇಕಾದರೆ ಈ ಕೊಳವೆಯ ಮೂಲಕ ಆಮ್ಲೀಯತೆ ಒಳಗೆ ಬರಬೇಕು. ಈ ಔಷಧ ಆ ಕೊಳವೆಗೆ ಬಿರಡೆ ಹಾಕುತ್ತೆ. ಇದು ಎ ಗುಂಪಿನ ಮೇಲೆ ಮಾತ್ರ ಕೆಲಸ ಮಾಡುತ್ತೆ, ಬಿ ಮೇಲೆ ಇಲ್ಲ.

ಹೊಸ ಗುಂಪು 1999ರಲ್ಲಿ ಬಂದದ್ದು. ಟ್ಯಾಮಿಫ್ಲೂ ಹೆಸರಿನಲ್ಲಿ ಸಿಗುವ ಒಸೆಲ್ಟಾಮಿವಿರ್, ಮತ್ತು ಬಾಯಿಯಿಂದ ಒಳಗೆಳೆದುಕೊಳ್ಳುವ ಪುಡಿ ಜನಾಮಿವಿರ್. ಹೊಸ ವೈರಸ್‌ಗಳು ಜೀವಕೋಶದಿಂದ ಹೊರಬರುವಾಗ ಅಲ್ಲಿನ ಸಕ್ಕರೆಯ ಕಣಗಳಿಗೆ ಅಂಟಿಕೊಂಡಿರುತ್ತವೆ. ಆ ಅಂಟನ್ನು ಕತ್ತರಿಸಲು ವೈರಸ್ ಹತ್ತಿರ ಒಂದು ಕತ್ತರಿ ಇದೆ, ಅದರ ಹೆಸರು ನ್ಯೂರಮಿನಿಡೇಸ್. ಎಚ್1ಎನ್1ನಲ್ಲಿ ಇರುವ "ಎನ್" ಇದೇ. ಈ ಔಷಧಗಳು ಆ ಕತ್ತರಿಯ ಬಾಯಿಗೆ ಸಿಕ್ಕಿಹಾಕಿಕೊಂಡು ಅದು ಕೆಲಸ ಮಾಡದಂತೆ ಮಾಡುತ್ತವೆ.

ಸರಿ, ಪ್ರತಿರೋಧ ಹೇಗೆ ಬರುತ್ತೆ? ಫ್ಲೂ ವೈರಸ್ ತನ್ನ ಆರ್‌ಎನ್‌ಎ ನಕಲು ಮಾಡುವಾಗ ತಪ್ಪು ತಿದ್ದಿಕೊಳ್ಳುವುದಿಲ್ಲ. ತಿದ್ದುಪಡಿ ಮಾಡದೆ ಅವಸರದಲ್ಲಿ ಬರೆದುಕೊಂಡು ಹೋಗುವ ನಕಲುಗಾರ ಅದು. ಹೆಚ್ಚಿನ ತಪ್ಪುಗಳು ವೈರಸ್‌ಗೇ ಮಾರಕ. ಯಾವುದೋ ಒಂದು ತಪ್ಪು ಮಾತ್ರ ಔಷಧ ಕೂರುವ ಜಾಗದ ಆಕಾರವನ್ನು ಬದಲಿಸುತ್ತೆ.

ಹಳೆಯ ಗುಂಪಿಗೆ ಮೊದಲು ಏಟು ಬಿತ್ತು. ಎಂ2 ಪ್ರೋಟೀನಿನ 31ನೇ ಸ್ಥಾನದಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಾಯಿತು, ಬಿರಡೆ ಕೂರಲಿಲ್ಲ. ಪ್ರಪಂಚದಾದ್ಯಂತ ಸಂಗ್ರಹಿಸಿದ ವೈರಸ್‌ಗಳಲ್ಲಿ ಇಂಥ ಪ್ರತಿರೋಧ 1994-95ರಲ್ಲಿ ಶೇ. 0.4 ಇತ್ತು, 2003-04ರಲ್ಲಿ ಶೇ. 12.3 ಆಯಿತು. 2005-06ರ ಸೀಸನ್‌ನಲ್ಲಿ ಅಮೆರಿಕದ 23 ರಾಜ್ಯಗಳ 120 ಎಚ್3ಎನ್2 ವೈರಸ್‌ಗಳನ್ನು ನೋಡಿದಾಗ 109ರಲ್ಲಿ ಈ ಬದಲಾವಣೆ ಸಿಕ್ಕಿತು. ಅಂದರೆ ಶೇ. 91. 2006ರ ಜನವರಿ 14ರಂದು ಸಿಡಿಸಿ, ಆ ಸೀಸನ್‌ನಲ್ಲಿ ಫ್ಲೂಗೆ ಈ ಎರಡು ಔಷಧ ಕೊಡಬೇಡಿ ಎಂದು ಡಾಕ್ಟರುಗಳಿಗೆ ಹೇಳಿತು. 40 ವರ್ಷದ ಔಷಧ, ಕೆಲವೇ ವರ್ಷಗಳಲ್ಲಿ ಮೂಲೆಗೆ ಸೇರಿತು. ಎಲ್ಲರೂ ಟ್ಯಾಮಿಫ್ಲೂ ಕಡೆ ತಿರುಗಿದರು.

ಮೂರನೇ ಭಾಗ: 2008ರ ಡಿಸೆಂಬರ್

2008ರ ಜನವರಿಯಲ್ಲಿ ನಾರ್ವೆಯಿಂದ ಒಂದು ಸುದ್ದಿ ಬಂತು. ಅಲ್ಲಿ ಪರೀಕ್ಷಿಸಿದ ಎಚ್1ಎನ್1 ವೈರಸ್‌ಗಳಲ್ಲಿ ಬಹುಪಾಲು ಒಸೆಲ್ಟಾಮಿವಿರ್‌ಗೆ ಬಗ್ಗುತ್ತಿರಲಿಲ್ಲ. ಕತ್ತರಿಯ 275ನೇ ಸ್ಥಾನದಲ್ಲಿ ಹಿಸ್ಟಿಡಿನ್ ಹೋಗಿ ಟೈರೋಸಿನ್ ಬಂದಿತ್ತು. ಇದನ್ನು ಚಿಕ್ಕದಾಗಿ ಎಚ್275ವೈ ಅಂತಾರೆ.

ಇಲ್ಲಿ ವಿಜ್ಞಾನಿಗಳ ತಲೆ ಕೆಡಿಸಿದ ವಿಷಯ ಬೇರೆ. ನಾರ್ವೆಯಲ್ಲಿ ಟ್ಯಾಮಿಫ್ಲೂ ಬಳಕೆ ಬಹಳ ಕಡಿಮೆ. ಆಗ ಜಗತ್ತಿನಲ್ಲೇ ಅತಿ ಹೆಚ್ಚು ಟ್ಯಾಮಿಫ್ಲೂ ಬಳಸುತ್ತಿದ್ದ ದೇಶ ಜಪಾನ್. ಆದರೆ ಆ ಸೀಸನ್‌ನಲ್ಲಿ ಜಪಾನಿನಲ್ಲಿ ಈ ಪ್ರತಿರೋಧ ಶೇ. 3ಕ್ಕೂ ಕಡಿಮೆ ಇತ್ತು. "ಔಷಧ ಜಾಸ್ತಿ ಬಳಸಿದರೆ ಪ್ರತಿರೋಧ ಬರುತ್ತೆ" ಅಂತ ಆಂಟಿಬಯೋಟಿಕ್ ವಿಷಯದಲ್ಲಿ ನಾವೆಲ್ಲ ಕಲಿತ ಪಾಠ ಇಲ್ಲಿ ಹೊಂದಲೇ ಇಲ್ಲ.

ಉತ್ತರ ನಿಧಾನವಾಗಿ ಸಿಕ್ಕಿತು. ಎಚ್275ವೈ ಬಂದರೆ ವೈರಸ್ ದುರ್ಬಲವಾಗುತ್ತೆ ಅಂತ ಲ್ಯಾಬ್‌ಗಳಲ್ಲಿ ಮೊದಲೇ ಗೊತ್ತಿತ್ತು. ಕತ್ತರಿ ಸರಿಯಾಗಿ ಮಡಚಿಕೊಂಡು ವೈರಸ್ಸಿನ ಮೇಲ್ಮೈಗೆ ತಲುಪುತ್ತಿರಲಿಲ್ಲ. ಹಾಗಾಗಿ ಇದು ಹರಡಲಾರದು ಎಂದುಕೊಂಡಿದ್ದರು. ಆದರೆ 2010ರಲ್ಲಿ ಜೆಸ್ಸಿ ಬ್ಲೂಮ್, ಲಿಜ್ಹಿ ಗಾಂಗ್ ಮತ್ತು ಡೇವಿಡ್ ಬಾಲ್ಟಿಮೋರ್ ಒಂದು ವಿಷಯ ತೋರಿಸಿದರು. ಅದೇ ಕತ್ತರಿಯ 222 ಮತ್ತು 234ನೇ ಸ್ಥಾನಗಳಲ್ಲಿ ಬೇರೆ ಬದಲಾವಣೆಗಳು ಮೊದಲೇ ಆಗಿದ್ದವು. ಅವು ಆ ದೌರ್ಬಲ್ಯವನ್ನು ಸರಿದೂಗಿಸಿದವು. ಅಂದರೆ ನೆಲ ಮೊದಲೇ ಹದವಾಗಿತ್ತು, ಬೀಜ ಬಿದ್ದ ಕೂಡಲೇ ಮೊಳೆಯಿತು. ಔಷಧದ ಒತ್ತಡ ಇಲ್ಲದೆಯೂ ಈ ವೈರಸ್ ಉಳಿದವುಗಳ ಜೊತೆ ಸರಿಸಮನಾಗಿ ಓಡಬಲ್ಲದಾಗಿತ್ತು.

ಅಮೆರಿಕದಲ್ಲಿ 2007-08ರಲ್ಲಿ ಪರೀಕ್ಷಿಸಿದ 1155 ಎಚ್1ಎನ್1 ವೈರಸ್‌ಗಳಲ್ಲಿ 142 ಪ್ರತಿರೋಧಿ, ಅಂದರೆ ಸುಮಾರು ಶೇ. 12. ಮುಂದಿನ ಸೀಸನ್ ಶುರುವಾಯಿತು. ಡಿಸೆಂಬರ್ ಮಧ್ಯದ ಹೊತ್ತಿಗೆ 12 ರಾಜ್ಯಗಳಿಂದ ಬಂದ 50 ಎಚ್1ಎನ್1 ವೈರಸ್‌ಗಳನ್ನು ಪರೀಕ್ಷಿಸಿದ್ದರು. ಅವುಗಳಲ್ಲಿ 49 ಪ್ರತಿರೋಧಿ! ಡಿಸೆಂಬರ್ 19ರಂದು ಸಿಡಿಸಿ ತುರ್ತು ಸೂಚನೆ ಕಳಿಸಿತು.

ಆ ವಾರ ಡಾಕ್ಟರ ಮುಂದಿದ್ದ ಪರಿಸ್ಥಿತಿ ನೋಡಿ. ಎಚ್1ಎನ್1 ಆದರೆ ಟ್ಯಾಮಿಫ್ಲೂ ಕೆಲಸ ಮಾಡಲ್ಲ, ಹಳೆಯ ಔಷಧ ಕೆಲಸ ಮಾಡುತ್ತೆ. ಎಚ್3ಎನ್2 ಆದರೆ ತದ್ವಿರುದ್ಧ: ಹಳೆಯದು ಕೆಲಸ ಮಾಡಲ್ಲ, ಟ್ಯಾಮಿಫ್ಲೂ ಮಾಡುತ್ತೆ. ಬಿ ಆದರೆ ಟ್ಯಾಮಿಫ್ಲೂ ಸರಿ, ಹಳೆಯದು ಯಾವತ್ತೂ ಇಲ್ಲ. ಕೈಯಲ್ಲಿರುವ ಟೆಸ್ಟ್ ಹೇಳುತ್ತಿದ್ದದ್ದು "ಎ" ಅಂತ ಮಾತ್ರ! ಜನಾಮಿವಿರ್ ಪುಡಿ ಎಲ್ಲದರ ಮೇಲೂ ಕೆಲಸ ಮಾಡುತ್ತಿತ್ತು. ಯಾಕೆಂದರೆ ಒಸೆಲ್ಟಾಮಿವಿರ್ ಕೂರಬೇಕಾದರೆ ಕತ್ತರಿಯ ಬಾಯಿ ಸ್ವಲ್ಪ ತಿರುಗಿ ಜಾಗ ಕೊಡಬೇಕು, 275ರ ಟೈರೋಸಿನ್ ಅದಕ್ಕೆ ಅಡ್ಡ. ಜನಾಮಿವಿರ್‌ಗೆ ಆ ಜಾಗವೇ ಬೇಡ. ಆದರೆ ಪುಡಿಯನ್ನು 7 ವರ್ಷಕ್ಕಿಂತ ಚಿಕ್ಕ ಮಕ್ಕಳಿಗೆ ಕೊಡುವ ಹಾಗಿಲ್ಲ, ಆಸ್ತಮಾ ಇದ್ದವರಿಗೂ ಕೊಡುವ ಹಾಗಿಲ್ಲ. ಯಾರಿಗೆ ಔಷಧ ಹೆಚ್ಚು ಬೇಕೋ ಅವರಲ್ಲೇ ಹಲವರಿಗೆ ಅದು ಆಗಿಬರುತ್ತಿರಲಿಲ್ಲ.

ಸಿಡಿಸಿ ಹೇಳಿದ್ದು ಎರಡು ಮಾತು. ಎಚ್1ಎನ್1 ಅನುಮಾನ ಇದ್ದರೆ ಜನಾಮಿವಿರ್ ಕೊಡಿ, ಇಲ್ಲದಿದ್ದರೆ ಟ್ಯಾಮಿಫ್ಲೂ ಜೊತೆಗೆ ರಿಮಾಂಟಡಿನ್ ಸೇರಿಸಿ ಕೊಡಿ. ಮತ್ತೆ, ನಿಮ್ಮ ಊರಿನಲ್ಲಿ ಈ ವಾರ ಯಾವ ಉಪವಿಧ ಹೆಚ್ಚಿದೆ ಅಂತ ಕಣ್ಗಾವಲಿನ ವರದಿ ನೋಡಿ ತೀರ್ಮಾನಿಸಿ. ನೋಡಿ, ಮೊದಲ ಭಾಗದ ಎಣಿಕೆ ಮತ್ತು ಎರಡನೇ ಭಾಗದ ಲ್ಯಾಬ್ ಕೆಲಸ ಎರಡೂ ಬಂದು ಸೇರಿದ್ದು ಇಲ್ಲಿ, ಒಬ್ಬ ರೋಗಿಯ ಚೀಟಿಯಲ್ಲಿ.

ನಾಲ್ಕನೇ ಭಾಗ: 50 ಸ್ಯಾಂಪಲ್ ಸಾಕಾ?

ನಮ್ಮ ಅಜ್ಜಿಯರು ಅನ್ನ ಬೆಂದಿದೆಯಾ ಅಂತ ನೋಡಲು ಒಂದು ಅಗುಳು ಹಿಚುಕಿ ನೋಡುತ್ತಿದ್ದರು. ಇಡೀ ಪಾತ್ರೆ ತಿಂದು ನೋಡಬೇಕಾಗಿಲ್ಲ. ಆದರೆ ಇದು ಕೆಲಸ ಮಾಡುವುದು ಪಾತ್ರೆ ಒಂದೇ ಸಮ ಬೆಂದಾಗ. ಅಮೆರಿಕ ಒಂದೇ ಪಾತ್ರೆ ಅಲ್ಲ. ಟೆಕ್ಸಾಸ್ ಕುದಿಯುವಾಗ ಮೇನ್ ಇನ್ನೂ ತಣ್ಣಗಿರಬಹುದು. ಹಾಗಾಗಿ ಎಷ್ಟು ಅಗುಳು, ಎಷ್ಟು ಪಾತ್ರೆಗಳಿಂದ ಅನ್ನೋದು ಮುಖ್ಯ.

ಲೆಕ್ಕ ಸುಲಭ. ನಿಜವಾಗಿ ಶೇ. 10ರಷ್ಟು ವೈರಸ್ ಪ್ರತಿರೋಧಿ ಅಂದುಕೊಳ್ಳಿ. ಒಂದು ಸ್ಯಾಂಪಲ್ ತೆಗೆದರೆ ಅದು ಪ್ರತಿರೋಧಿ ಅಲ್ಲದಿರುವ ಸಾಧ್ಯತೆ 0.9. ಎರಡೂ ಅಲ್ಲದಿರುವ ಸಾಧ್ಯತೆ 0.9 ಗುಣಿಸು 0.9. ಹೀಗೆ 29 ಸಲ ಗುಣಿಸಿದರೆ ಸುಮಾರು 0.047. ಅಂದರೆ 29 ಸ್ಯಾಂಪಲ್ ನೋಡಿದರೆ ಒಂದೂ ಕಣ್ಣಿಗೆ ಬೀಳದೆ ತಪ್ಪಿಸಿಕೊಳ್ಳುವ ಸಾಧ್ಯತೆ ಶೇ. 5ಕ್ಕಿಂತ ಕಡಿಮೆ. ಪ್ರತಿರೋಧ ಶೇ. 5 ಇದ್ದರೆ ಇಷ್ಟೇ ಭರವಸೆಗೆ 59 ಸ್ಯಾಂಪಲ್ ಬೇಕು. ಶೇ. 1 ಇದ್ದರೆ 299 ಬೇಕು. ಅಪರೂಪವಾದಷ್ಟೂ ಹುಡುಕಾಟ ದುಬಾರಿ.

ಹಾಗಾಗಿ "ಪ್ರತಿರೋಧ ಸಿಕ್ಕಿಲ್ಲ" ಅಂತ ವರದಿಯಲ್ಲಿದ್ದರೆ, ಎಷ್ಟರಲ್ಲಿ ಹುಡುಕಿದಿರಿ ಅಂತ ಕೇಳಬೇಕು. 300ರಲ್ಲಿ ಸೊನ್ನೆ ಅಂದರೂ ನಿಜವಾದ ಪ್ರಮಾಣ ಶೇ. 1ರವರೆಗೆ ಇರಬಹುದು. 2008ರಲ್ಲಿ 50 ಸಾಕಾದದ್ದು ಪ್ರತಿರೋಧ ಅಷ್ಟು ವ್ಯಾಪಕವಾಗಿ ಹರಡಿದ್ದರಿಂದ. 50ರಲ್ಲಿ 49 ಸಿಕ್ಕರೆ, ನಿಜವಾದ ಪ್ರಮಾಣ ಶೇ. 89ಕ್ಕಿಂತ ಕಡಿಮೆ ಇರುವುದು ಬಹಳ ಕಷ್ಟ. ಅವು ಒಂದೇ ಊರಿನ ಸ್ಯಾಂಪಲ್ ಆಗಿರದೆ 12 ರಾಜ್ಯಗಳದ್ದಾಗಿತ್ತು ಅನ್ನೋದೂ ಅಷ್ಟೇ ಮುಖ್ಯ.

ಪರೀಕ್ಷೆ ಮಾಡುವುದು ಎರಡು ರೀತಿಯಲ್ಲಿ. ಒಂದು, ಜೀನ್ ಓದಿ ಗೊತ್ತಿರುವ ಬದಲಾವಣೆ ಇದೆಯಾ ಅಂತ ನೋಡುವುದು. ಇದು ಬೇಗ ಆಗುತ್ತೆ, ಆದರೆ ಹೊಸ ಬದಲಾವಣೆಯ ಅರ್ಥ ಹೇಳುವುದಿಲ್ಲ. ಇನ್ನೊಂದು, ವೈರಸ್ ಬೆಳೆಸಿ, ಕತ್ತರಿಸಿದರೆ ಹೊಳೆಯುವ ಒಂದು ರಾಸಾಯನಿಕ ಕೊಟ್ಟು, ಔಷಧ ಎಷ್ಟು ಹಾಕಿದರೆ ಆ ಹೊಳಪು ಅರ್ಧಕ್ಕೆ ಇಳಿಯುತ್ತೆ ಅಂತ ಅಳೆಯುವುದು. ವಿಶ್ವ ಆರೋಗ್ಯ ಸಂಸ್ಥೆಯ ಮಾಪಕದಲ್ಲಿ, ಎ ಗುಂಪಿಗೆ ಮಾಮೂಲಿಗಿಂತ 10ರಿಂದ 100 ಪಟ್ಟು ಔಷಧ ಬೇಕಾದರೆ "ಕಡಿಮೆ ತಡೆ", 100 ಪಟ್ಟು ಮೀರಿದರೆ "ಬಹಳ ಕಡಿಮೆ ತಡೆ". ಎಚ್275ವೈ ಈ ಎರಡನೆಯ ಸಾಲಿಗೆ ಸೇರಿದ್ದು.

ಕೊನೆಯ ಭಾಗ: ಆಮೇಲೇನಾಯಿತು, ನಮಗೇನು?

2009ರ ಏಪ್ರಿಲ್‌ನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಇಬ್ಬರು ಮಕ್ಕಳಲ್ಲಿ ಒಂದು ಹೊಸ ಎಚ್1ಎನ್1 ಸಿಕ್ಕಿತು. ಅದು ಹಂದಿಗಳಿಂದ ಬಂದ, ನಾವೆಲ್ಲ ಹಂದಿಜ್ವರ ಎಂದು ಕರೆದ ವೈರಸ್. ಅದು ಜಗತ್ತನ್ನೆಲ್ಲ ಆವರಿಸಿ ಹಳೆಯ ಎಚ್1ಎನ್1 ಅನ್ನು ಓಡಿಸಿಬಿಟ್ಟಿತು. ಹೊಸದರಲ್ಲಿ ಹಳೆಯ ಔಷಧಗಳಿಗೆ ಪ್ರತಿರೋಧ ಇತ್ತು, ಆದರೆ ಟ್ಯಾಮಿಫ್ಲೂ ಕೆಲಸ ಮಾಡುತ್ತಿತ್ತು. ಅಂದರೆ ಸಮಸ್ಯೆಯನ್ನು ನಾವು ಪರಿಹರಿಸಲಿಲ್ಲ, ವೈರಸ್ಸೇ ಬದಲಾಯಿತು. ಅದೃಷ್ಟ ಅಂತಲೇ ಹೇಳಬೇಕು. ಅಂದಿನಿಂದ ಅಮೆರಿಕದಲ್ಲಿ ಟ್ಯಾಮಿಫ್ಲೂ ಪ್ರತಿರೋಧ ಸಾಮಾನ್ಯವಾಗಿ ಬಹಳ ಕಡಿಮೆ, ಶೇ. 1ರ ಆಸುಪಾಸಿನಲ್ಲೇ ಇದೆ.

ಹಾಗಂತ ಮರೆಯುವ ಹಾಗಿಲ್ಲ. 2011ರಲ್ಲಿ ಆಸ್ಟ್ರೇಲಿಯಾದ ನ್ಯೂಕ್ಯಾಸಲ್ ಸುತ್ತಮುತ್ತ ಎಚ್275ವೈ ಇರುವ ಹೊಸ ಎಚ್1ಎನ್1 ಜನರಿಂದ ಜನರಿಗೆ ಹರಡಿತ್ತು. ಅವರಲ್ಲಿ ಹೆಚ್ಚಿನವರು ಔಷಧ ಮುಟ್ಟಿಯೇ ಇರಲಿಲ್ಲ. 2018ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕ ಬಾಲೋಕ್ಸಾವಿರ್ ಒಂದೇ ಡೋಸಿನ ಔಷಧ, ಕೆಲಸ ಮಾಡುವ ರೀತಿಯೇ ಬೇರೆ. ಅದರ ಪ್ರಯೋಗಗಳಲ್ಲೂ ಔಷಧ ತೆಗೆದುಕೊಂಡ ವಯಸ್ಕರಲ್ಲಿ ಸುಮಾರು ಶೇ. 10ರಷ್ಟು ಜನರಲ್ಲಿ ಬದಲಾದ ವೈರಸ್ ಕಾಣಿಸಿಕೊಂಡಿತ್ತು. ಅದಕ್ಕೇ ಎಣಿಸುವ ಕೆಲಸ ಪ್ರತಿ ವಾರ ನಡೆಯುತ್ತಲೇ ಇರಬೇಕು. ಎಣಿಕೆ ನಿಂತರೆ 50ರಲ್ಲಿ 49 ಆಗಿದ್ದು ಯಾರಿಗೂ ಗೊತ್ತಾಗುವುದಿಲ್ಲ. ಔಷಧ ಕೊಟ್ಟರೂ ಜ್ವರ ಇಳಿಯದ ಮಕ್ಕಳಿಂದ ತಡವಾಗಿ ಗೊತ್ತಾಗುತ್ತೆ.

ಮನೆಗೆ ತೆಗೆದುಕೊಂಡು ಹೋಗಬೇಕಾದ ಕೆಲವು ಮಾತು ಹೇಳಿ ಮುಗಿಸುತ್ತೇವೆ.

ಒಂದು, ಟ್ಯಾಮಿಫ್ಲೂ ಹೆಚ್ಚು ಉಪಯೋಗಕ್ಕೆ ಬರುವುದು ಲಕ್ಷಣ ಶುರುವಾದ 48 ಗಂಟೆಯೊಳಗೆ ಕೊಟ್ಟರೆ. ಮನೆಯಲ್ಲಿ ಪುಟ್ಟ ಮಕ್ಕಳು, ಗರ್ಭಿಣಿಯರು, 65 ದಾಟಿದವರು, ಆಸ್ತಮಾ, ಸಕ್ಕರೆ ಕಾಯಿಲೆ ಅಥವಾ ಹೃದಯದ ತೊಂದರೆ ಇರುವವರು ಇದ್ದರೆ "ನಾಳೆ ನೋಡೋಣ" ಅನ್ನಬೇಡಿ, ಅವತ್ತೇ ಡಾಕ್ಟರಿಗೆ ಫೋನ್ ಮಾಡಿ.

ಎರಡು, ಊರಿನಿಂದ ಸೂಟ್‌ಕೇಸಿನಲ್ಲಿ ತಂದಿಟ್ಟ ಆಂಟಿಬಯೋಟಿಕ್ ಫ್ಲೂ ವೈರಸ್ ಮೇಲೆ ಕೆಲಸ ಮಾಡುವುದಿಲ್ಲ. ಹಾಗೆಯೇ ಕಳೆದ ವರ್ಷ ಉಳಿದ ಟ್ಯಾಮಿಫ್ಲೂ ಇನ್ನೊಬ್ಬರಿಗೆ ಕೊಡುವುದೂ ಬೇಡ.

ಮೂರು, ಔಷಧಕ್ಕೆ ಬಗ್ಗದ ವೈರಸ್ ಅಂದರೆ ಲಸಿಕೆಗೂ ಬಗ್ಗದ ವೈರಸ್ ಅಂತ ಅಲ್ಲ. ಲಸಿಕೆಯ ಮುಖ್ಯ ಗುರಿ ಹಿಮಗ್ಲುಟಿನಿನ್, ಅಂದರೆ ಆ "ಎಚ್". ಕತ್ತರಿಯಲ್ಲಿ ಆಗುವ ಎಚ್275ವೈ ಅದನ್ನು ಮುಟ್ಟುವುದಿಲ್ಲ.

ನಾಲ್ಕು, ಅಪ್ಪ ಅಮ್ಮ ಬರುವವರಿದ್ದರೆ ಇದನ್ನು ಗಮನಿಸಿ. ಕರ್ನಾಟಕದಲ್ಲಿ ಫ್ಲೂ ಮುಖ್ಯವಾಗಿ ಏರುವುದು ಮಳೆಗಾಲದಲ್ಲಿ. ಇಲ್ಲಿ ಏರುವುದು ಚಳಿಗಾಲದಲ್ಲಿ, ಹೆಚ್ಚಾಗಿ ಡಿಸೆಂಬರ್‌ನಿಂದ ಫೆಬ್ರವರಿ. ಮಳೆಗಾಲ ಮುಗಿಸಿ ಸೆಪ್ಟೆಂಬರ್‌ನಲ್ಲಿ ಬಂದಿಳಿಯುವವರು ಒಂದು ಸೀಸನ್ ದಾಟಿ ನೇರವಾಗಿ ಇನ್ನೊಂದಕ್ಕೆ ಕಾಲಿಡುತ್ತಾರೆ. ಇನ್ಶೂರೆನ್ಸ್ ಇಲ್ಲದಿದ್ದರೂ ಫಾರ್ಮಸಿಯಲ್ಲಿ ದುಡ್ಡು ಕೊಟ್ಟು ಫ್ಲೂ ಲಸಿಕೆ ಹಾಕಿಸಬಹುದು. ರಕ್ಷಣೆ ಬರಲು ಸುಮಾರು ಎರಡು ವಾರ ಬೇಕು, ಹಾಗಾಗಿ ಮುಂಚೆಯೇ ಹಾಕಿಸಿ.

ಈ ವಾರದ ಮನೆಕೆಲಸ: ಸಿಡಿಸಿ ಸೀಸನ್‌ನಲ್ಲಿ ವಾರಕ್ಕೊಮ್ಮೆ, ಸಾಮಾನ್ಯವಾಗಿ ಶುಕ್ರವಾರ, ಹೊರತರುವ ಫ್ಲೂ ವರದಿ ತೆರೆದು ನೋಡಿ. ನಿಮ್ಮ ಪ್ರದೇಶ ಗೆರೆ ದಾಟಿದೆಯಾ? ಯಾವ ಉಪವಿಧ ಹೆಚ್ಚಿದೆ? ಔಷಧದ ಕೋಷ್ಟಕದಲ್ಲಿ ಎಷ್ಟು ಸ್ಯಾಂಪಲ್ ಪರೀಕ್ಷಿಸಿದ್ದಾರೆ? ಈ ಮೂರು ಪ್ರಶ್ನೆಗೆ ಉತ್ತರ ಹುಡುಕಲು ಬಂದರೆ ಇವತ್ತಿನ ಪಾಠ ನಿಮಗೆ ಬಂತು ಅಂತ ಲೆಕ್ಕ. ಸಿಕ್ಕ ಉತ್ತರ ನಮಗೂ ಬರೆದು ತಿಳಿಸಿ.